ಗಡಗಡ ಮೀಮಾಂಸೆ ಅಥವಾ ವಾರಂಟಿಯುಕ್ತ ಮೋಟಾರುಕಾರಿನ ಪುನರುದ್ಭವ ದೋಷವಿಚಾರ

ಹೊಸದಾಗಿ ಕೊಂಡ ಮೋಟಾರುಕಾರಿನಲ್ಲಿ, ವಾರಂಟಿಯು ಇನ್ನೂ ಊರ್ಜಿತವಾಗಿರುವಾಗಲೇ ತಲೆದೋರಿ, ಸರ್ವಿಸ್ ಸ್ಟೇಷನ್ನಿನ ಗೇಟನ್ನು ಕಂಡೊಡನೆ ಅಂತರ್ಧಾನವಾಗಿ, ಮರಳಿ ಮನೆಯ ತಿರುವಿಗೆ ಬರುತ್ತಲೇ ಪೂರ್ವವತ್ ಆವಿರ್ಭವಿಸುವ ಗಡಗಡ ಶಬ್ದದ ಸ್ವರೂಪವೇನು, ಅದರ ಆಶ್ರಯವಾವುದು, ಅದರ ನಿವೃತ್ತಿಯು ಯಾರಿಂದ ಮತ್ತು ಯಾರ ಖರ್ಚಿನಿಂದ ಆಗತಕ್ಕದ್ದು ಎಂಬೀ ಪ್ರಶ್ನೆಗಳು ನಮ್ಮ ವಿದ್ವತ್ಪ್ರಪಂಚದಲ್ಲಿ ಅನಾಥವಾಗಿ ಬಿದ್ದಿರುವುದು ವಿಷಾದಕರ. ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ಶಿಷ್ಟಾಚಾರ. ಇಲ್ಲಿ ವಿಷಯವು ಗಡಗಡ. ಪ್ರಯೋಜನವು ಹಣ ವಾಪಸಾತಿ, ಅದು ಕೈಗೂಡದಿದ್ದರೆ ಬೇರೆ ಕಾರು, ಅದೂ ಇಲ್ಲದಿದ್ದರೆ ಪುಕ್ಕಟೆ ರಿಪೇರಿ. ಸಂಬಂಧವು ಇನ್‌ವಾಯ್ಸಿನಿಂದಲೇ ಸಿದ್ಧ. ಅಧಿಕಾರಿಯು, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ, ವಾಣಿಜ್ಯೋದ್ದೇಶವಿಲ್ಲದೆ ಕೊಂಡವನು. ಹೊಟ್ಟೆಪಾಡಿಗಾಗಿ ತಾನೇ ಓಡಿಸುವ ಟ್ಯಾಕ್ಸಿಯವನಿಗೂ ಅಧಿಕಾರವುಂಟು.

ಪ್ರಾಚೀನರು ಈ ವಿಷಯದಲ್ಲಿ ಸರ್ವಥಾ ಮೌನ ತಾಳಿದರೆನ್ನುವಂತಿಲ್ಲ. ಸರಕನ್ನು ಕೊಂಡ ಮೇಲೆ ಹುಟ್ಟುವ ಪಶ್ಚಾತ್ತಾಪಕ್ಕೆ ಕ್ರೀತಾನುಶಯವೆಂದು ಹೆಸರಿಟ್ಟು, ವ್ಯವಹಾರಪದಗಳ ಪಂಕ್ತಿಯಲ್ಲಿ ಅದಕ್ಕೊಂದು ಪ್ರತ್ಯೇಕ ಪೀಠವನ್ನೇ ಕೊಟ್ಟಿದ್ದಾರೆ. ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ಕೊಂಡ ಬೀಜವನ್ನು ಪರೀಕ್ಷಿಸಲು ಹತ್ತು ದಿನ, ರತ್ನಕ್ಕೆ ಏಳು, ಹೊರೆ ಹೊರುವ ಪಶುವಿಗೆ ಐದು, ಕರೆಯುವ ಪಶುವಿಗೆ ಮೂರು, ಕಬ್ಬಿಣಕ್ಕೆ ಒಂದೇ ದಿನ. ಮೋಟಾರುಕಾರು ಇವುಗಳಲ್ಲಿ ಯಾವ ವರ್ಗಕ್ಕೆ ಸೇರತಕ್ಕದ್ದು? ಹೊರುವುದರಿಂದ ವಾಹ್ಯವೆಂದರೆ ಐದು ದಿನ ದಕ್ಕುವುದು. ಲೋಹಮಯವೆಂದರೆ ಮರುದಿನವೇ ಹಕ್ಕು ನಷ್ಟವಾಗುವುದು. ಬೆಲೆಯನ್ನು ನೋಡಿ ರತ್ನವೆನ್ನೋಣವೆಂದರೆ ಬಾಗಿಲು ಮುಚ್ಚುವಾಗಿನ ಸದ್ದು ಆ ಪಕ್ಷವನ್ನು ಬಾಧಿಸುವುದು. ದೋಹ್ಯವೆಂಬ ಪಕ್ಷವೂ ಒಂದುಂಟಾದರೂ ಅಲ್ಲಿ ಕರೆಯಿಸಿಕೊಳ್ಳುವುದು ಕಾರಲ್ಲ, ಯಜಮಾನ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಆ ಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಸಂಶಯವನ್ನು ಪರಿಹರಿಸದೆಯೇ ಹೋದನು. ನಮ್ಮ ಪಾರ್ಲಿಮೆಂಟು ಈ ಒಂದು ವಿಷಯದಲ್ಲಿ ಸ್ಮೃತಿಕಾರರಿಗಿಂತ ಉದಾರಿಯಾಗಿ, ವ್ಯಾಜ್ಯಕಾರಣ ಹುಟ್ಟಿದಂದಿನಿಂದ ಎರಡು ವರ್ಷಗಳೊಳಗೆ ದೂರು ಕೊಡಬಹುದೆಂದು ವಿಧಿಸಿದೆ.

ಇನ್ನು ಪೂರ್ವಪಕ್ಷ. ಕಾರನ್ನು ಬಿಟ್ಟುಬಂದ ದಿನ ಸಂಜೆ ಸರ್ವಿಸ್ ಅಡ್ವೈಸರನು ಹೇಳುವುದು: “ಚೆಕ್ ಮಾಡಿದ್ವಿ ಸಾರ್, ಯಾವ ಸೌಂಡೂ ಬರ್ತಿಲ್ಲ.” ಇದು ಅನುಪಲಬ್ಧಿ, ಭಾಟ್ಟ ಮೀಮಾಂಸಕರು ಆರನೆಯ ಪ್ರಮಾಣವೆಂದು ಒಪ್ಪಿದ್ದು. ಶಬ್ದವು ಅವನ ಎದುರಿನಲ್ಲಿಯೇ ಬಂದುಬಿಟ್ಟರೆ ಉಪಮಾನಕ್ಕೆ ಶರಣಾಗುವನು: “ಈ ಮಾಡೆಲ್‌ನಲ್ಲಿ ಎಲ್ಲಾ ಗಾಡೀಲೂ ಹೀಗೇ ಸಾರ್.” ಮತ್ತೊಮ್ಮೆ ಹೋದರೆ ಕಾಲವನ್ನೇ ಔಷಧವಾಗಿ ಬರೆದುಕೊಡುವನು: “ಇನ್ನೊಂದ್ಸಾವಿರ ಕಿಲೋಮೀಟರ್ ಓಡ್ಸಿ, ಸೆಟ್ ಆಗುತ್ತೆ.” ಒಂದೇ ಶಬ್ದವು ಈ ಕಾರಿನಲ್ಲಿ ಇಲ್ಲವೆಂದೂ, ಎಲ್ಲ ಕಾರುಗಳಲ್ಲಿಯೂ ಇದೆಯೆಂದೂ, ಇದ್ದದ್ದು ಮುಂದೆ ಹೋಗುವುದೆಂದೂ ಒಂದೇ ಬಾಯಿಂದ ಪ್ರತಿಪಾದಿಸುವ ಈ ಸಾಮರ್ಥ್ಯವು ಸ್ಯಾದ್ವಾದಿಗಳಿಗೂ ಅಸೂಯೆ ಹುಟ್ಟಿಸತಕ್ಕದ್ದು.

ಅತ್ರೋಚ್ಯತೇ. ಅನುಪಲಬ್ಧಿಯಿಂದ ಅಭಾವವು ಸಿದ್ಧಿಸಬೇಕಾದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ಎಂದರೆ ವಸ್ತುವು ಇದ್ದಿದ್ದರೆ ತೋರಲೇಬೇಕಾಗಿದ್ದ ಸನ್ನಿವೇಶದಲ್ಲಿ ತೋರದಿರಬೇಕು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆ ಇಲ್ಲವೆಂದಾಗದು. ಮುಂಜಾನೆ ತಣ್ಣಗಿರುವ ಇಂಜಿನ್ನಿನಲ್ಲಿ, ನಾಲ್ವರನ್ನು ಕೂರಿಸಿಕೊಂಡು, ಎರಡನೆಯ ಗೇರಿನಲ್ಲಿ ಏರನ್ನು ಹತ್ತುವಾಗ ಬರುವ ಶಬ್ದವನ್ನು, ಮಟಮಟ ಮಧ್ಯಾಹ್ನ ಒಬ್ಬನೇ ಕುಳಿತು, ಎ.ಸಿ.ಯನ್ನೂ ರೇಡಿಯೋವನ್ನೂ ಹಾಕಿಕೊಂಡು, ಕಾಂಪೌಂಡಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿಸಲಿಲ್ಲವೆನ್ನುವುದು ಯಾವ ದರ್ಶನದಲ್ಲಿಯೂ ಪ್ರಮಾಣವಲ್ಲ. ಆದುದರಿಂದ ಟೆಸ್ಟ್ ಡ್ರೈವಿನಲ್ಲಿ ಮೆಕ್ಯಾನಿಕನ ಪಕ್ಕದಲ್ಲಿ ಯಜಮಾನನು ಕೂರತಕ್ಕದ್ದು. ಕೇಳಿದ್ದನ್ನು ಆಗಲೇ ಜಾಬ್ ಕಾರ್ಡಿನಲ್ಲಿ ಬರೆಸತಕ್ಕದ್ದು. ಜಾಬ್ ಕಾರ್ಡೇ ಈ ಶಾಸ್ತ್ರದ ಶ್ರುತಿ. ವಾಟ್ಸಾಪಿನಲ್ಲಿ ಬಂದದ್ದು ಸ್ಮೃತಿ, ಶ್ರುತಿಗೆ ವಿರೋಧವಿಲ್ಲದಷ್ಟು ಮಟ್ಟಿಗೆ ಗ್ರಾಹ್ಯ. ಫೋನಿನಲ್ಲಿ ಆಡಿದ್ದು ಬರಿಯ ಅರ್ಥವಾದ. ಒಂದೇ ದೋಷವನ್ನು ಪ್ರತಿ ಸಲವೂ ಒಂದೇ ಮಾತಿನಲ್ಲಿ ಬರೆಸುವುದು ಲೇಸು. ಏಕೆಂದರೆ ಅಭ್ಯಾಸವು ತಾತ್ಪರ್ಯನಿರ್ಣಯಕ್ಕೆ ಲಿಂಗವೆಂಬುದು ಸರ್ವಸಮ್ಮತ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನವು 1982ರಲ್ಲಿಯೇ, ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಯಾದರೆ ಅಥವಾ ಕಾರು ಒಟ್ಟು 30 ದಿನ ಗ್ಯಾರೇಜಿನಲ್ಲಿಯೇ ನಿಂತರೆ ಸಾಕು, ಕಂಪನಿಯ ಸರದಿ ಮುಗಿಯಿತೆಂದು ಶಾಸನ ಮಾಡಿತು. ನಮ್ಮಲ್ಲಿ ಅಂಥ ಸಂಖ್ಯಾನಿಯಮವಿಲ್ಲ. ಎಷ್ಟು ಸಲವೆಂಬುದು ಗ್ರಾಹಕ ಆಯೋಗದ ವಿವೇಚನೆಗೂ ಯಜಮಾನನ ರಕ್ತದೊತ್ತಡಕ್ಕೂ ಬಿಟ್ಟದ್ದು.

ಪ್ರತಿವಾದಿ ಯಾರು? ಮಾರಾಟದ ಕಾಲದಲ್ಲಿ ಡೀಲರನು ಅದ್ವೈತಿ: ತಾನೇ ಕಂಪನಿ, ಕಂಪನಿಯೇ ತಾನು. ದೂರಿನ ಕಾಲದಲ್ಲಿ ಇಬ್ಬರೂ ಮಧ್ವಮತವನ್ನು ಸ್ವೀಕರಿಸಿ, ತಮ್ಮೊಳಗೆ ಭೇದವು ಸತ್ಯವೆಂದೂ ನಿತ್ಯವೆಂದೂ ಸಾಧಿಸುವರು. ಈ ವಾದದಲ್ಲಿ ಗ್ರಾಹಕನು ತಲೆಹಾಕದೆ, ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಸೇರಿಸುವುದೇ ಕ್ಷೇಮ.

ಈಗ ನಮ್ಮ ಶಾಸ್ತ್ರದ ಅತ್ಯಂತ ಗಹನವಾದ ಸ್ಥಳ. ಪರೀಕ್ಷೆಯಿಲ್ಲದೆ ದೋಷವು ನಿರ್ಣಯವಾಗದಿದ್ದರೆ ಜಿಲ್ಲಾ ಆಯೋಗವು ದೂರುದಾರನಿಂದ ಸರಕಿನ ಮಾದರಿಯನ್ನು ಪಡೆದು, ಮೊಹರು ಮಾಡಿ, ಪ್ರಯೋಗಾಲಯಕ್ಕೆ ಕಳುಹಿಸಿ, 45 ದಿನಗಳೊಳಗೆ ವರದಿ ತರಿಸತಕ್ಕದ್ದೆಂದು ಅಧಿನಿಯಮದ 38ನೆಯ ಪ್ರಕರಣವು ಹೇಳುತ್ತದೆ. ತುಪ್ಪಕ್ಕೂ ಗೊಬ್ಬರಕ್ಕೂ ಇದು ಯುಕ್ತ. ಕಾರಿನ ಮಾದರಿಯೆಂದರೆ ಒಂದು ಚಕ್ರವೇ, ಅರ್ಧ ಬಾನೆಟ್ಟೇ? ದೋಷವು ಶಬ್ದರೂಪದ್ದಾದರೆ ಅದನ್ನು ಯಾವ ಸೀಸೆಯಲ್ಲಿ ತುಂಬಿ ಅರಗು ಹಾಕುವುದು? ವ್ಯವಹಾರದಲ್ಲಿ ಆಯೋಗಗಳು ಈ ಕ್ಲೇಶವನ್ನು ದಾಟಿ, ಆಟೋಮೊಬೈಲ್ ಬಲ್ಲ ಎಂಜಿನಿಯರನೊಬ್ಬನನ್ನು ಆಪ್ತನೆಂದು ನೇಮಿಸಿ, ಅವನ ವಾಕ್ಯವನ್ನು ಪ್ರಮಾಣವಾಗಿ ಸ್ವೀಕರಿಸುವುದುಂಟು. ಆ ವಾಕ್ಯದ ತೂಕವೆಷ್ಟೆಂಬುದಕ್ಕೆ ಎರಡು ತೀರ್ಪುಗಳು ಸಾಕ್ಷಿ. ಕೆಟ್ಟ ಭಾಗವನ್ನು ಬದಲಿಸಿಕೊಡುವುದಷ್ಟೇ ವಾರಂಟಿಯ ಷರತ್ತಾಗಿರುವಾಗ ಇಡೀ ಕಾರನ್ನೇ ಬದಲಿಸಿರೆನ್ನಲಾಗದೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಅದೇ ಕೋರ್ಟು 2010ರಲ್ಲಿ, ಇಂಜಿನ್ನಿನ ಶಬ್ದವನ್ನೇ ಕುರಿತ ವ್ಯಾಜ್ಯವೊಂದರಲ್ಲಿ, ತಯಾರಿಕೆಯಲ್ಲಿಯೇ ದೋಷವಿದೆಯೆಂದು ಸ್ವತಂತ್ರ ತಜ್ಞನು ಹೇಳಿದರೆ ಬೆಲೆಯನ್ನೂ ಆಜೀವ ತೆರಿಗೆಯನ್ನೂ ಬಡ್ಡಿಸಹಿತ ಹಿಂದಿರುಗಿಸತಕ್ಕದ್ದೆಂಬ ಆದೇಶವನ್ನು ಒಪ್ಪಿತು. ಸಹಜದೋಷಕ್ಕೆ ಹಣ, ಆಗಂತುಕದೋಷಕ್ಕೆ ಬೋಲ್ಟು.

ಖರ್ಚಿನ ಮಾತು ಸ್ವಲ್ಪ. ಕಾರಿನ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಹತ್ತು ಲಕ್ಷದವರೆಗೆ 200 ರೂಪಾಯಿ, ಇಪ್ಪತ್ತರವರೆಗೆ 400. ಶೋರೂಮಿನವರು ಹಾಸಿಕೊಟ್ಟ ಮ್ಯಾಟು ಇದಕ್ಕಿಂತ ದುಬಾರಿ. ಬೆಲೆ 50 ಲಕ್ಷ ಮೀರದಿದ್ದರೆ, ದೂರುದಾರನು ತಾನು ವಾಸವಾಗಿರುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸತಕ್ಕದ್ದೆಂದು ವಿಧಿಯುಂಟು. ಪ್ರಯತ್ನವು ಎಲ್ಲೆಡೆಯೂ ನಡೆಯುತ್ತಲೇ ಇದೆ.

ಕಡೆಯದಾಗಿ ಸಂತೃಪ್ತಿಪತ್ರ. ಕಾರನ್ನು ಒಪ್ಪಿಸುವಾಗ ಅಡ್ವೈಸರನು ಒಂದು ಹಾಳೆಯನ್ನು ಮುಂದಿಟ್ಟು, “ಇಲ್ಲೊಂದು ಸೈನ್ ಹಾಕಿ ಸಾರ್, ಆಮೇಲೆ ಕಂಪನಿಯಿಂದ ಫೋನ್ ಬಂದ್ರೆ ಟೆನ್ ಕೊಟ್ಬಿಡಿ, ಇಲ್ಲಾಂದ್ರೆ ನನ್ನ ಇನ್ಸೆಂಟಿವ್ ಕಟ್” ಎನ್ನುವನು. ಕನ್ನಡಿಗನು ಸ್ವಭಾವತಃ ದಾಕ್ಷಿಣ್ಯಪರ. ಆ ಹುಡುಗನ ಮುಖವನ್ನು ನೋಡಿ ಸಹಿ ಹಾಕುವನು. ವರ್ಷ ಕಳೆದ ಮೇಲೆ ಅದೇ ಹಾಳೆಯು ಪ್ರತಿವಾದಿಯ ದಾಖಲೆಗಳ ಪೈಕಿ ಮೊದಲನೆಯದಾಗಿ ಆಯೋಗದ ಮುಂದೆ ಬರುವುದು. ಹುಡುಗನಿಗೆ ಹತ್ತಕ್ಕೆ ಹತ್ತು ಕೊಡಬೇಕೆನಿಸಿದರೆ ಧಾರಾಳವಾಗಿ ಕೊಡಬಹುದು, ಅದಕ್ಕೆ ನಿಷೇಧವಿಲ್ಲ. ಆದರೆ ಸಹಿಯ ಮೇಲ್ಭಾಗದಲ್ಲಿ, ದಿನಾಂಕಸಹಿತ, “ಗಡಗಡ ನಿಂತಿಲ್ಲ” ಎಂದು ಸ್ವಹಸ್ತದಿಂದ ಬರೆದು, ಅದರ ನಕಲನ್ನು ಕೇಳಿ ಪಡೆಯದೆ ಬೀಗದಕೈಯನ್ನು ಮುಟ್ಟತಕ್ಕದ್ದಲ್ಲ.