ಮೂರು ತಿರುಪಿನ ಸಂಸಾರ

ಮನೆಯಲ್ಲಿ ಟೆಲಿಸ್ಕೋಪ್ ಇದೆ ಅಂದರೆ ಜನ ಮೊದಲು ಕೇಳುವುದು ‘ಎಷ್ಟು ದೂರ ಕಾಣುತ್ತೆ?’, ಆಮೇಲೆ ‘ಎಷ್ಟು ಇಂಚು?’. ಎಂಟು ಇಂಚು ಎಂದರೆ ತಲೆದೂಗುತ್ತಾರೆ. ಅದು ಕೊಳವೆಯ ತಳದಲ್ಲಿ ಕೂತ ದೊಡ್ಡ ಕನ್ನಡಿಯ ಅಳತೆ. ಕೊಳವೆಯ ಬಾಯಿಯ ಹತ್ತಿರ ಓರೆಯಾಗಿ ನೇತಾಡುವ ಚಿಕ್ಕ ಕನ್ನಡಿಯನ್ನು ಕೇಳುವವರಿಲ್ಲ. ಮದುವೆಮನೆಯಲ್ಲಿ ಯಜಮಾನರನ್ನು ಎಲ್ಲರೂ ಮಾತಾಡಿಸುತ್ತಾರೆ. ಅಡುಗೆ ಭಟ್ಟರು ನೆನಪಾಗುವುದು ಸಾರಿಗೆ ಉಪ್ಪು ಹೆಚ್ಚಾದಾಗ.

ನ್ಯೂಟನ್ 1668ರಲ್ಲಿ ಕನ್ನಡಿಯ ದೂರದರ್ಶಕ ಮಾಡಿದಾಗಲೇ ಈ ಚಿಕ್ಕದು ಬೇಕಾಯಿತು. ದೊಡ್ಡ ಕನ್ನಡಿ ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುತ್ತದೆ. ನೋಡೋಣವೆಂದು ತಲೆ ಇಟ್ಟರೆ ತಲೆಯೇ ಆಕಾಶಕ್ಕೆ ಅಡ್ಡ. ಅದಕ್ಕೇ 45 ಡಿಗ್ರಿ ಓರೆಗೆ ಸಪಾಟು ಕನ್ನಡಿಯೊಂದನ್ನು ನಿಲ್ಲಿಸಿ ಬೆಳಕನ್ನು ಪಕ್ಕಕ್ಕೆ ಹೊರಳಿಸಿದ. ಖಗೋಳಜ್ಞ ವಿಲಿಯಂ ಹರ್ಷೆಲ್‌ಗೆ ಇದು ಹಿಡಿಸಲಿಲ್ಲ. ಆಗಿನ ಕನ್ನಡಿಗಳು ತಾಮ್ರ-ತವರದ ಮಿಶ್ರಲೋಹದವು, ಬೆಳಕು ಒಮ್ಮೆ ಬಡಿದು ಹೊರಳಿದರೆ ಮೂರರಲ್ಲೊಂದು ಪಾಲು ಖೋತಾ. 1789ರಲ್ಲಿ ಮುಗಿದ ತನ್ನ ನಲವತ್ತು ಅಡಿ ಉದ್ದದ ದೂರದರ್ಶಕದಲ್ಲಿ ಆತ ದೊಡ್ಡ ಕನ್ನಡಿಯನ್ನೇ ತುಸು ವಾರೆ ಕೂರಿಸಿ ಚಿಕ್ಕದಕ್ಕೆ ರಜೆ ಕೊಟ್ಟ. ಆದರೆ ನೋಡಬೇಕೆಂದರೆ ಕೊಳವೆಯ ಬಾಯಲ್ಲಿ ಕಟ್ಟಿದ ಅಟ್ಟಣೆ ಹತ್ತಿ ಇಂಗ್ಲೆಂಡಿನ ಚಳಿಯಲ್ಲಿ ನಿಲ್ಲಬೇಕು, ಕಂಡದ್ದನ್ನು ಮಾತಿನ ಕೊಳವೆಯಲ್ಲಿ ಕೆಳಗಿನವರಿಗೆ ಹೇಳಿ ಬರೆಸಬೇಕು. ಅದಕ್ಕಿಂತ ಮೂರು ತಿರುಪು ತಿರುಗಿಸುವುದೇ ವಾಸಿ.

ಮೂರು ತಿರುಪು ಅಂದೆನಲ್ಲ, ಕಥೆಯೆಲ್ಲ ಅಲ್ಲೇ ಇರುವುದು. ಚಿಕ್ಕ ಕನ್ನಡಿ ಅಂಡಾಕಾರದ್ದು, ನನ್ನದು 50 ಮಿ.ಮೀ. ಅಗಲ, 70 ಚಿಲ್ಲರೆ ಉದ್ದ. ಓರೆಯಿಂದ ನೋಡಿದರೆ ದುಂಡಗೆ ಕಾಣುತ್ತದೆ. ಅದನ್ನು ಅಂಟಿಸಿದ ಹಿಡಿಕೆ, ನಾಲ್ಕು ತೆಳು ಪಟ್ಟಿಗಳ ‘ಸ್ಪೈಡರ್’ ನಡುವೆ ಒಂದೇ ಬೋಲ್ಟಿನಿಂದ ತೂಗುತ್ತದೆ. ಸುತ್ತ ಮೂರು ಆಲನ್ ತಿರುಪು. ಬೋಲ್ಟು ಎಳೆಯುತ್ತದೆ, ತಿರುಪುಗಳು ತಳ್ಳುತ್ತವೆ, ಹಾಗೆ ಕನ್ನಡಿಯ ಓರೆ ಹೊಂದುತ್ತದೆ. ತಿರುಪು ಉಕ್ಕಿನದು, ಹಿಡಿಕೆ ಮೆತ್ತನೆಯ ಅಲ್ಯೂಮಿನಿಯಂ. ವರ್ಷಗಟ್ಟಲೆ ಹೀಗೇ ನಡೆದರೆ ಮೂರು ಮೂತಿಗಳೂ ತಮ್ಮ ತಮ್ಮ ಗುಳಿ ತೋಡಿಕೊಂಡು ಕೂರುತ್ತವೆ. ಕೂದಲೆಳೆಯಷ್ಟು ಸರಿಸೋಣವೆಂದು ಕೀ ತಿರುವಿದರೆ ಮೂತಿ ಗುಳಿಯ ದಂಡೆ ಹತ್ತುತ್ತದೆ, ಸರಿಹೋಯಿತು ಎನ್ನುವಷ್ಟರಲ್ಲಿ ಜಾರಿ ಹಳೇ ಜಾಗಕ್ಕೇ ಬೀಳುತ್ತದೆ. ಬಿಚ್ಚಿ ಟಾರ್ಚ್ ಬಿಟ್ಟರೆ ಕಂಡವು: ಉದ್ದಿನಕಾಳಿಗಿಂತ ಚಿಕ್ಕ ಮೂರು ಗುಳಿ, ಒಂದೊಂದರ ಅಂಚಿಗೂ ಹೊಳೆಯುವ ಲೋಹದ ಪುಡಿ. ಇಷ್ಟು ದಿನ ಶನಿಯ ಉಂಗುರ ಕದಡಿ ಕಾಣುತ್ತಿದ್ದುದಕ್ಕೆ ಇವು ಕಾರಣ. ನಾನು ಬೆಂಗಳೂರಿನ ಹೊಗೆಯನ್ನು ಬಯ್ಯುತ್ತಿದ್ದೆ.

ಹತ್ತಿರದ ಲೇತ್ ಅಂಗಡಿಗೆ ಹಿಡಿಕೆ ಒಯ್ದೆ. ಆತ ತಿರುಗಿಸಿ ಮುರುಗಿಸಿ ನೋಡಿ, ‘ಇದ್ಯಾವ ಗಾಡೀದು ಸಾರ್?’ ಅಂದ.

‘ಗಾಡೀದಲ್ಲಪ್ಪ, ಟೆಲಿಸ್ಕೋಪಿಂದು. ನಕ್ಷತ್ರ ನೋಡೋದು.’

‘ಹಂಗಾದ್ರೆ ಲೋಡ್ ಏನಿಲ್ಲ ಬಿಡಿ’ ಎಂದು ಸ್ಟೇನ್‌ಲೆಸ್ ಸ್ಟೀಲಿನ ಬಿಲ್ಲೆಯೊಂದನ್ನು ಕಡೆದು, ನಡುವೆ ತೂತು ಹಾಕಿ, ಅಂಚು ಉಜ್ಜಿ ಕೊಟ್ಟ. ತಿರುಪಿನ ಮೂತಿಗಳು ಇನ್ನು ಈ ಬಿಲ್ಲೆಯ ಮೇಲೆ ಕೂರಬೇಕು. ಬಿಲ್ಲೆಗೂ ಹಿಡಿಕೆಗೂ ನಡುವೆ ನುಣ್ಣನೆಯ ಪ್ಲಾಸ್ಟಿಕ್ ಇದ್ದರೆ ಹಿಡಿಕೆ ಸಲೀಸಾಗಿ ಹೊರಳುತ್ತದೆ. ವಿದೇಶದಲ್ಲಿ ಇದಕ್ಕೆ ಹಾಲಿನ ಕ್ಯಾನು ಕತ್ತರಿಸುವ ರೂಢಿಯಿದೆ. ನಮ್ಮಲ್ಲಿ ಹಾಲು ಬರುವುದು ಪ್ಯಾಕೆಟ್ಟಿನಲ್ಲಿ. ಮೊಸರಿನ ಡಬ್ಬಿಯ ಮುಚ್ಚಳಕ್ಕೆ ಕತ್ತರಿ ಬಿತ್ತು. ‘ಮೊಸರಿಗೆ ಈಗ ತಟ್ಟೆ ಮುಚ್ಚಿದೀನಿ, ಅದಾದ್ರೂ ಅಲ್ಲಿರ್ಲಿ’ ಎಂದಳು ಹೆಂಡತಿ.

ಕೈಬೆರಳಲ್ಲೇ ತಿರುಗಿಸುವ ಗುಬಟು ತಿರುಪುಗಳನ್ನು ಹಾಕಿಸು ಎಂದು ಗೆಳೆಯರ ಸಲಹೆ. ಕೀ ಬೇಕಿಲ್ಲ, ಹಾಗಾಗಿ ಕತ್ತಲಲ್ಲಿ ಕೀ ಜಾರಿ ದೊಡ್ಡ ಕನ್ನಡಿಯ ಮೇಲೆ ಬೀಳುವ ಭಯವೂ ಇಲ್ಲ. ನನಗದು ಒಪ್ಪಿಗೆಯಿಲ್ಲ. ಬೆರಳಿಗೆ ಸಿಗುವುದನ್ನು ಬಂದವರೆಲ್ಲ ತಿರುಗಿಸುತ್ತಾರೆ. ನನ್ನ ಭಾವಮೈದುನನ ಮಗನಂತೂ ರೇಡಿಯೋದಲ್ಲಿ ಸ್ಟೇಷನ್ ಹುಡುಕುವಷ್ಟು ಶ್ರದ್ಧೆಯಿಂದ ತಿರುಗಿಸುತ್ತಾನೆ. ಕೀ ಬೀಳುವ ಭಯಕ್ಕೆ ಕೊಳವೆಯನ್ನು ಅಡ್ಡ ಮಲಗಿಸಿಕೊಂಡು ಕೆಲಸ ಮಾಡಿದರಾಯಿತು.

ಜೋಡಿಸಿದ ಮೇಲೆ, ಕನ್ನಡಿಗಳು ಸರಿಯಾಗಿ ಕೂತಿವೆಯೇ ಎಂದು ಲೇಸರ್ ಬಿಟ್ಟು ಪರೀಕ್ಷೆ. ಆದರೆ ಲೇಸರೇ ಸೊಟ್ಟಗಿದ್ದರೆ? ಕಣ್ಣಿಟ್ಟು ನೋಡುವ ಐಪೀಸಿನ ಜಾಗದಲ್ಲಿ ಅದನ್ನು ನಿಧಾನ ತಿರುಗಿಸಿ ನೋಡಬೇಕು. ಕೆಂಪು ಚುಕ್ಕೆ ನಿಂತಲ್ಲೇ ನಿಂತರೆ ಸರಿ, ವೃತ್ತ ಬರೆದರೆ ಮೊದಲು ಲೇಸರಿನದೇ ರಿಪೇರಿ. ಇನ್ನೊಂದು ತಮಾಷೆಯಿದೆ. ಎಫ್ 5ರಂಥ, ಅಂದರೆ ನಾಭಿದೂರ ದೊಡ್ಡ ಕನ್ನಡಿಯ ಅಗಲದ ಐದರಷ್ಟಿರುವ ಗಿಡ್ಡ ಕೊಳವೆಯಲ್ಲಿ ಬೆಳಕಿನ ಶಂಕು ಬೇಗ ಸಣ್ಣಗಾಗುವುದರಿಂದ ಚಿಕ್ಕ ಕನ್ನಡಿ ನಟ್ಟನಡುವೆ ಕೂರಬಾರದು. ನನ್ನದರಲ್ಲಿ ಸುಮಾರು 2.5 ಮಿ.ಮೀ. ದೊಡ್ಡ ಕನ್ನಡಿಯ ಕಡೆಗೂ ಅಷ್ಟೇ ಐಪೀಸಿನಿಂದ ಆಚೆಗೂ ಸರಿದಿರಬೇಕು. ಎಲ್ಲ ಸರಿಯಿದ್ದಾಗ ಒಳಗಿನ ನೆರಳು ವಾರೆಯಾಗಿ ಕಾಣುತ್ತದೆ. ಹೊಸಬರು ಅದನ್ನು ‘ಸರಿ’ ಮಾಡಲು ಹೋಗಿ ಇಡೀ ಭಾನುವಾರ ಕಳೆಯುತ್ತಾರೆ.

ಇಷ್ಟೆಲ್ಲ ಸಡಗರ ನೋಡಿದ್ದರೆ ಜಾನ್ ಡಾಬ್ಸನ್ ನಗುತ್ತಿದ್ದರೇನೋ. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠ ಸೇರಿದ ಸಾಧು ಅವರು. ಮಠದಲ್ಲಿದ್ದೇ ಗುಟ್ಟಾಗಿ ಕನ್ನಡಿ ಉಜ್ಜುತ್ತ, ಪತ್ರಗಳಲ್ಲಿ ದೂರದರ್ಶಕವನ್ನು ‘ಜೆರೇನಿಯಂ’ ಎಂದೂ ಕೊಳವೆ-ಪೀಠ ಸಮೇತ ಇದ್ದರೆ ‘ಕುಂಡದಲ್ಲಿಟ್ಟ ಜೆರೇನಿಯಂ’ ಎಂದೂ ಬರೆಯುತ್ತಿದ್ದರು. 1967ರಲ್ಲಿ ಮಠ ಬಿಡಬೇಕಾಯಿತು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ದಾರಿಹೋಕರಿಗೆ ಚಂದ್ರನನ್ನು ತೋರಿಸಿಕೊಂಡಿದ್ದರು. ಅವರ ಚಿಕ್ಕ ಕನ್ನಡಿಯ ಹಿಡಿಕೆ ಅಂದರೆ ದುಂಡನೆಯ ಮರದ ತುಂಡು, ಅದಕ್ಕೆ ಸೀಳು ಹಾಕಿ ಸಿಕ್ಕಿಸಿದ ಮರದ ತೆಳು ಪಟ್ಟಿಗಳು.

ಹೇಳಲು ಉಳಿದದ್ದು ಚಿಕ್ಕ ಕನ್ನಡಿಯನ್ನು ಹಿಡಿಕೆಗೆ ಹಿಡಿದಿಡುವ ಅಂಟು. ಎರಡು ಬದಿಯ ಟೇಪು ಗಾಜನ್ನು ಎಳೆದು ಸೊಟ್ಟಗೆ ಮಾಡೀತು; ಅದಕ್ಕೆ ಸಿಲಿಕೋನಿನ ಮೂರು ಬೊಟ್ಟು, ನಡುವೆ ಬೆಂಕಿಕಡ್ಡಿಯಷ್ಟು ಸಂದು. ಒಂದೆರಡು ದಿನ ಮುಟ್ಟಬಾರದು. ಅದು ಒಣಗಿದ ಮೇಲೆ, ಅಕಸ್ಮಾತ್ ಕಳಚಿದರೂ ಕೆಳಗಿನ ದೊಡ್ಡ ಕನ್ನಡಿಯ ಮೇಲೆ ಬೀಳದಿರಲೆಂದು ಚಿಕ್ಕದರ ಬೆನ್ನಿನಿಂದ ಸ್ಪೈಡರಿಗೆ ಒಂದು ನೈಲಾನ್ ದಾರವನ್ನೂ ಕಟ್ಟಿದೆ.

ಹೆಂಡತಿ ಬಂದು ನೋಡಿದಳು. ‘ಇದ್ಯಾಕ್ರೀ ದಾರ?’

‘ಅಂಟು ಬಿಟ್ಟರೆ ಅಂತ.’

‘ಮತ್ತೆ ಅಂಟು ಯಾಕೆ?’

ಲೇತ್ ಅಂಗಡಿಯಾತ ಇಂಥ ಪ್ರಶ್ನೆ ಕೇಳುವುದಿಲ್ಲ.