ಮಡಿಕೆಗೆ ಯಾರು?

(ತಿಪಟೂರಿನ ಒಂದು ಫೋಟೋ ಸ್ಟುಡಿಯೋ. ಮಗನ ಮದುವೆ ಆಲ್ಬಂ ಮಾಡಿಸಲು ಶಾರದಮ್ಮ ಬಂದಿದ್ದಾರೆ.)

ಶಾರದಮ್ಮ: ಮಂಜಣ್ಣ, ಎರಡು ಪುಟ ಸೇರಿಸಿ ಈ ಫೋಟೋ ಹಾಕಪ್ಪ. ಎರಡೂ ಮನೆಯೋರು ಒಂದೇ ಸಾಲಲ್ಲಿದ್ದಾರೆ. ಚಿಕ್ಕ ಮಗ ಮೊಬೈಲಲ್ಲಿ ಪನೋರಮಾ ತೆಗೆದಿದ್ದು.

ಮಂಜಣ್ಣ: ಎಡಗಡೆ ತುದೀಲಿ ನಿಮ್ಮ ಭಾವನೋರು. ಸರಿ. ಬಲಗಡೆ ತುದೀಲೂ ಅವರೇ ಇದ್ದಾರಲ್ಲಮ್ಮ!

ಶಾರದಮ್ಮ: ಮೊಬೈಲು ಅವರನ್ನ ದಾಟಿದ ತಕ್ಷಣ ಹಿಂದಿಂದ ಓಡಿಹೋಗಿ ಆ ಕಡೆ ನಿಂತ್ರಂತೆ. ಪಂಕ್ತೀಲೂ ಎರಡು ಸಲ ಕೂತಿದ್ರು ಬಿಡು.

ಮಂಜಣ್ಣ: ಈ ಮಗೂಗೆ ಮೂರು ಕಾಲು?

ಶಾರದಮ್ಮ: ಅದೇನು ಒಂದು ಕಡೆ ನಿಲ್ಲೋ ಮಗೂನಾ?

ಮಂಜಣ್ಣ: ಅದಕ್ಕೇ. ಮೊಬೈಲು ಚೂರುಚೂರು ತೆಗೆದು ಅಂಟಿಸುತ್ತೆ. ನಡುವೆ ಅಲ್ಲಾಡಿದ್ರೆ ಕೈ ಒಬ್ಬರದು, ಬಳೆ ಇನ್ನೊಬ್ಬರದು. ಅಳತೇನೂ ಕೂರಲ್ಲ. ಕರಿಜ್ಮಾ ಆಲ್ಬಂ ಬಿಚ್ಚಿದ್ರೆ 36 ಇಂಚು ಅಗಲ, 12 ಇಂಚು ಎತ್ತರ. ಇದು ಅದಕ್ಕಿಂತ ಉದ್ದ. ಪೂರ್ತಿ ಹಾಕಿದ್ರೆ ಪಂಚೆ ಅಂಚಿನ ಥರ ಒಂದು ಪಟ್ಟಿ ಬರುತ್ತೆ.

ಶಾರದಮ್ಮ: ಹಂಗಾದ್ರೆ ನೀನು ತೆಗೆದ ಗ್ರೂಪ್ ಫೋಟೋನೇ ದೊಡ್ಡದು ಮಾಡು.

ಮಂಜಣ್ಣ: ಅದನ್ನ 36 ಇಂಚಿಗೆ ಹಿಗ್ಗಿಸಿದ್ರೆ ಎತ್ತರ 24 ಆಗುತ್ತೆ. ಅರ್ಧ ಕತ್ತರಿಸ್ಬೇಕು. ತಲೆ ಬೇಕೋ, ಸೀರೆ ಬೇಕೋ?

ಶಾರದಮ್ಮ: ಹದಿನೆಂಟು ಸಾವಿರದ ಸೀರೆ ಕಣಯ್ಯ! ತಲೆ ಬೇರೆ ಫೋಟೋಲೂ ಇದೆ.

ಮಂಜಣ್ಣ: ಭಾನುವಾರ ಬೀಗರೂಟಕ್ಕೆ ಎಲ್ಲಾ ಸೇರ್ತಾರಲ್ಲ, ಹೊಸದಾಗೇ ತೆಗೆಯೋಣ. ಕ್ಯಾಮೆರಾನ ಸ್ಟ್ಯಾಂಡ್ ಮೇಲೆ ನೆಟ್ಟಗೆ ತಿರುಗಿಸಿಟ್ಟು ಆರೇಳು ಫೋಟೋ. ಒಂದರಲ್ಲಿ ಬಂದಿದ್ದರ ಮೂರನೇ ಒಂದು ಪಾಲು ಮುಂದಿನದ್ರಲ್ಲೂ ಬರಬೇಕು, ಆಗ ಜೋಡಿಸೋಕಾಗುತ್ತೆ. ಬೆಳಕಿನ ಸೆಟ್ಟಿಂಗ್ ಮುಟ್ಟಂಗಿಲ್ಲ. ಮುಟ್ಟಿದ್ರೆ ಅರ್ಧ ಸಾಲಿಗೆ ಮಧ್ಯಾಹ್ನ, ಅರ್ಧ ಸಾಲಿಗೆ ಸಂಜೆ. ಎಲ್ಲರೂ ಅರ್ಧಚಂದ್ರಾಕಾರವಾಗಿ ನಿಲ್ಲಬೇಕು. ನೇರ ಸಾಲಾದ್ರೆ ತುದೀಲಿರೋರು ಸಣ್ಣಗೆ ಕಾಣ್ತಾರೆ.

ಶಾರದಮ್ಮ: ಸಣ್ಣಗಾ? ಹಂಗಾದ್ರೆ ನಾನು ತುದೀಲೇ ನಿಲ್ತೀನಿ.

ಮಂಜಣ್ಣ: ದಪ್ಪದ ಜೊತೆ ಎತ್ತರಾನೂ ಇಳಿಯುತ್ತಮ್ಮ. ಇನ್ನೊಂದು ವಿಷ್ಯ. ಹಾಳೆ ನಟ್ಟನಡುವೆ ಮಡಿಕೆ ಬರುತ್ತೆ. ಅಲ್ಲಿ ಯಾರ ಮುಖ ಬಂದ್ರೂ ಮೂಗಿನ ಮೇಲೆ ಗೆರೆ. ಹಾಗಾಗಿ ಗಂಡುಹೆಣ್ಣು ಮಧ್ಯದಲ್ಲಿ ನಿಲ್ಲಂಗಿಲ್ಲ. ಎರಡು ಮನೆಯೋರ ನಡುವೆ ಒಂದಡಿ ಜಾಗ ಬಿಡಿ.

ಶಾರದಮ್ಮ: ಒಂದಡಿ ಏನು, ಮದುವೇಲಿ ವಡೆ ಸಾಲದೇ ಹೋದಾಗಿಂದ ಒಂದು ಫರ್ಲಾಂಗ್ ಇದೆ. ಗಂಡುಹೆಣ್ಣು ನಮ್ಮ ಕಡೇನೇ ನಿಲ್ಲಲಿ.

ಮಂಜಣ್ಣ: ನಿಮ್ಮ ಬೀಗಿತ್ತಿನೂ ಬೆಳಗ್ಗೆ ಬಂದು ಇದನ್ನೇ ಹೇಳಿ, ಅಡ್ವಾನ್ಸೂ ಕೊಟ್ಟು ಹೋದ್ರು.

ಶಾರದಮ್ಮ: ಹೌದಾ! ಹಂಗಾದ್ರೆ ಆ ಒಂದಡಿ ಜಾಗ ಖಾಲಿ ಬಿಡಬೇಡಪ್ಪ. ಬೀಗಿತ್ತೀನ ಅಲ್ಲಿ ನಿಲ್ಲಿಸು.