ಗೋಡೆಯ ಬಣ್ಣ ಬಿಡಿ, ತಾರಸಿಗೆ ಸುಣ್ಣ ಹೊಡೆಸಿ

ಶಾಲಾ ಕೊಠಡಿಗಳ ನಕ್ಷೆ ಬರೆಯುವ, ಅಂದಾಜುಪಟ್ಟಿಗೆ ಸಹಿ ಹಾಕುವ ಎಂಜಿನಿಯರ್ ಸಾಹೇಬರಿಗೆ,

ನಮ್ಮ ಹೆಮ್ಮಿಗೆ ಇರುವುದು ಎರಡು ಹೊಳೆಗಳ ಸೀಮೆಯಲ್ಲಿ. ನಂಜನಗೂಡನ್ನು ದಾಟಿ ಬರುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹೊಳೆ ಹತ್ತಿರವಿದ್ದರೂ ಮಾರ್ಚ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಇಲ್ಲಿನ ಯಾವುದಾದರೂ ಆರ್‌ಸಿಸಿ ಕೊಠಡಿಯೊಳಗೆ ಬಂದು ಹತ್ತು ನಿಮಿಷ ಕೂರಿ. ಹೊರಗೆ ಹೊಂಗೆ ಮರದ ಕೆಳಗಿರುವ ನಾಯಿಗೆ ಸಿಕ್ಕಿರುವ ತಂಪು ಒಳಗೆ ಲೆಕ್ಕ ಮಾಡುತ್ತಿರುವ ಮಗುವಿಗೆ ಸಿಕ್ಕಿರುವುದಿಲ್ಲ. ಈ ಕಾಗದ ಬರೆಯಲು ಅದೇ ಕಾರಣ.

ತಾರಸಿ ಬಿಸಿಯಾಗುವ ಬಗೆ ನಿಮಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಮಾಸಿದ ಬೂದುಬಣ್ಣದ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದರ ಮೇಲ್ಮೈ 50 ಡಿಗ್ರಿ ಮೀರುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬಿನಲ್ಲಿ ಆ ಶಾಖ ಕೆಳಗಿಳಿಯಲು ಕೆಲವು ಗಂಟೆ ಬೇಕು. ಹೀಗಾಗಿ ನೆತ್ತಿಯ ಮೇಲಿನ ಬಿಸಿಲು ಒಳಗಿನ ಮಕ್ಕಳ ತಲೆಗೆ ತಟ್ಟುವುದು ಊಟದ ನಂತರದ ಪೀರಿಯಡ್ಡುಗಳಲ್ಲಿ. ಫ್ಯಾನು ಹಾಕಿದರೆ ಗಾಳಿಯೇನೋ ಆಡುತ್ತದೆ, ಆದರೆ ಸೂರಿನಿಂದ ಸೂಸುವ ಶಾಖವನ್ನು ಅದು ತಡೆಯುವುದಿಲ್ಲ. ಮೇಲೆ ಒಲೆ ಉರಿಯುತ್ತಿದ್ದರೆ ಕೆಳಗೆ ಬೀಸಣಿಗೆ ಬೀಸಿ ಏನು ಪ್ರಯೋಜನ?

ಹಿಂದಿನ ಹೆಂಚಿನ ಶಾಲೆಗಳೇ ಸ್ವರ್ಗವಾಗಿದ್ದವು ಅಂತ ನಾನು ಹೇಳುವುದಿಲ್ಲ. ಹೆಂಚು ಒಡೆಯುತ್ತಿತ್ತು, ಸೋರುತ್ತಿತ್ತು, ತೊಲೆಗೆ ಗೆದ್ದಲು ಹಿಡಿಯುತ್ತಿತ್ತು. ತಾರಸಿ ಬಂದದ್ದು ಒಳ್ಳೆಯದಕ್ಕೇ. ಆದರೆ ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗಲು ದಾರಿಯಿತ್ತು, ಸೂರು ಎತ್ತರದಲ್ಲಿತ್ತು, ಮುಂದೆ ಜಗುಲಿಯಿತ್ತು. ತಾರಸಿ ಬಂದಾಗ ಇವಕ್ಕೆಲ್ಲ ಬದಲಿ ಏನು ಅಂತ ಯಾರೂ ಯೋಚಿಸಲಿಲ್ಲ.

ಬಣ್ಣದ ವಿಚಾರ ಮಾತ್ರ ಬೇಕಾದಷ್ಟು ಚರ್ಚೆಯಾಯಿತು. 2022ರ ನವೆಂಬರಿನಲ್ಲಿ 'ವಿವೇಕ' ಯೋಜನೆಯಡಿ ರಾಜ್ಯದಲ್ಲಿ 7,601 ಕೊಠಡಿ ಕಟ್ಟುವ ಕೆಲಸಕ್ಕೆ ಚಾಲನೆ ಸಿಕ್ಕಾಗ, ಗೋಡೆಗಳಿಗೆ ಕೇಸರಿ ಬಳಿಯಬೇಕೋ ಬೇಡವೋ ಅಂತ ನಾಡೆಲ್ಲ ವಾದಿಸಿತು. ಪರ ಇದ್ದವರೂ ವಿರೋಧ ಇದ್ದವರೂ ನೋಡಿದ್ದು ಗೋಡೆಯನ್ನೇ. ಒಳಗೆ ಕೂರುವ ಮಗುವಿನ ಮೈಗೆ ನಿಜವಾಗಿ ತಟ್ಟುವುದು ತಾರಸಿಯ ಬಣ್ಣ. ಅಷ್ಟು ಸಾವಿರ ತಾರಸಿಗಳಿಗೆ ಬಿಸಿಲನ್ನು ಅಷ್ಟಾಗಿ ಹೀರದ ಬಿಳಿ ಬಳಿಯಿರಿ ಅಂತ ಆ ಗಲಾಟೆಯಲ್ಲಿ ಒಬ್ಬರಾದರೂ ಗಟ್ಟಿಯಾಗಿ ಕೇಳಿದ್ದರೆ ಈ ಕಾಗದದ ಅಗತ್ಯವೇ ಇರುತ್ತಿರಲಿಲ್ಲ.

ತುಸು ತಂಪಿಗೂ ಎಷ್ಟು ಬೆಲೆಯಿದೆ ಅಂತ ತಿಳಿಯಲು, ಬೆಂಗಳೂರಿನ ಸುತ್ತಮುತ್ತಲ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಡೆದ ಒಂದು ಅಧ್ಯಯನವನ್ನು ನೀವು ಓದಲೇಬೇಕು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಮ್ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ ಕೆಲಸ ಅದು, 2020ರಲ್ಲಿ ಪ್ರಕಟವಾಯಿತು. ಕಾರ್ಖಾನೆಯಲ್ಲಿ ಟ್ಯೂಬ್‌ಲೈಟುಗಳನ್ನು ತೆಗೆದು ಎಲ್‌ಇಡಿ ಹಾಕಿದ್ದರು. ಉದ್ದೇಶ ಕರೆಂಟು ಉಳಿಸುವುದು. ಆದರೆ ಎಲ್‌ಇಡಿ ಕಡಿಮೆ ಶಾಖ ಬಿಡುತ್ತದೆ, ಹೊಲಿಗೆ ಯಂತ್ರದ ಮುಂದೆ ಕೂತವರ ಸುತ್ತಲ ಗಾಳಿ ತುಸು ತಣ್ಣಗಾಯಿತು. ಬಿಸಿಲು ಏರಿದ ದಿನಗಳಲ್ಲಿ ಇಳಿಯುತ್ತಿದ್ದ ಹೊಲಿಗೆಯ ಪ್ರಮಾಣ ಚೇತರಿಸಿಕೊಂಡಿತು. ಒಂದು ಕಾರ್ಖಾನೆಗೆ ಸರಾಸರಿ ಕರೆಂಟಿನಲ್ಲಿ ಉಳಿದದ್ದು ಸುಮಾರು 2,880 ಡಾಲರ್. ಕೆಲಸ ಹೆಚ್ಚಿದ್ದರಿಂದ ಬಂದದ್ದು ಸುಮಾರು 7,500 ಡಾಲರ್. ಬಿಲ್ಲು ಇಳಿಸಲು ಹೊರಟವರಿಗೆ ಅದರ ಎರಡೂವರೆ ಪಟ್ಟು ಲಾಭ ತಂದದ್ದು ಕೆಲಸಗಾರರ ಮೈಗೆ ಸಿಕ್ಕ ತಂಪು. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ!

ನಮ್ಮ ಊರುಗಳಿಂದಲೂ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವರು ಕೂರುವ ಜಾಗದ ಬಗ್ಗೆ 1948ರ ಕಾರ್ಖಾನೆ ಕಾಯ್ದೆಯಲ್ಲೇ ಮಾತಿತ್ತು. ಗೋಡೆ, ಸೂರುಗಳನ್ನು ಶಾಖ ಆದಷ್ಟು ಕಡಿಮೆ ಇರುವಂಥ ಸಾಮಗ್ರಿಯಿಂದ, ಅಂಥ ವಿನ್ಯಾಸದಲ್ಲಿ ಕಟ್ಟಬೇಕು ಅಂತ ಅದರ 13ನೇ ಸೆಕ್ಷನ್ ಹೇಳಿತ್ತು. ಸುಣ್ಣ ಬಳಿಯುವುದು, ಸೂರು ಎತ್ತರಿಸುವುದು ಕೂಡ ಮೂಲ ಕಾಯ್ದೆಯಲ್ಲಿ ಹೆಸರಿಸಿದ ಉಪಾಯಗಳೇ. ಅದು ಎಷ್ಟು ಜಾರಿಯಾಯಿತು ಎಂಬುದು ಬೇರೆ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಎಲ್ಲ ಹವಾಮಾನಕ್ಕೂ ತಕ್ಕ ಶಾಲಾ ಕಟ್ಟಡ ಬೇಕೆನ್ನುತ್ತದೆ. ಶೌಚಾಲಯ, ಕುಡಿಯುವ ನೀರು, ಅಡುಗೆಕೋಣೆ, ಕಾಂಪೌಂಡು ಎಲ್ಲ ಪಟ್ಟಿ ಮಾಡುತ್ತದೆ. ಕೊಠಡಿಯೊಳಗಿನ ಶಾಖದ ಬಗ್ಗೆ ಒಂದು ಅಂಕಿಯನ್ನೂ ಕೊಡುವುದಿಲ್ಲ. ತಾಯಿ ಕೂರುವ ಜಾಗದ ಬಿಸಿಗೆ ಕಾನೂನಿತ್ತು, ಮಗಳು ಕೂರುವ ಜಾಗದ ಬಿಸಿಗೆ ಇಲ್ಲ. ಇದು ಅನ್ಯಾಯ.

ಬಿಸಿಗೂ ಕಲಿಕೆಗೂ ಏನು ಸಂಬಂಧ ಅನ್ನುವವರಿಗೆ ಅಮೆರಿಕದ ಲೆಕ್ಕವಿದೆ. ಅಲ್ಲಿ ಒಂದು ಕೋಟಿ ವಿದ್ಯಾರ್ಥಿಗಳ ಪರೀಕ್ಷಾ ಅಂಕಗಳನ್ನು ನೋಡಿದವರು, ಎಸಿ ಇಲ್ಲದ ಶಾಲೆಗಳಲ್ಲಿ ವರ್ಷದ ಸರಾಸರಿ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೂ ಆ ವರ್ಷದ ಕಲಿಕೆ ಶೇ 1ರಷ್ಟು ತಗ್ಗುತ್ತದೆ ಅಂತ ಕಂಡುಕೊಂಡರು. ಹೆಚ್ಚು ಪೆಟ್ಟು ಬಿದ್ದದ್ದು ಬಡ ಮಕ್ಕಳಿಗೆ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರುವುದೇ ಮಾರ್ಚ್, ಏಪ್ರಿಲ್‌ನಲ್ಲಿ. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ಕ್ಕೆ ಬದಲಿಸುತ್ತಾರೆ. ಮೈಸೂರು ಸೀಮೆ ತಂಪು ಎಂಬ ಹೆಸರಿನಿಂದಾಗಿ ನಮ್ಮನ್ನು ಯಾರೂ ಕೇಳುವುದಿಲ್ಲ. 34, 35 ಡಿಗ್ರಿ ಇಲ್ಲಿಯೂ ಈಗ ಮಾಮೂಲು.

ಎಸಿ ಕೇಳುತ್ತಿಲ್ಲ ಸ್ವಾಮಿ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಕಟ್ಟಡಗಳಲ್ಲೇ ಜನರನ್ನು ಕೇಳಿ ರೂಪಿಸಿದ ಹಿತಾನುಭವದ ಸೂತ್ರ ನಿಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ ಇದೆ. ಅದರಂತೆ ಹೊರಗಿನ ಸರಾಸರಿ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಕಿಟಕಿ ತೆರೆದ ಕಟ್ಟಡದೊಳಗೂ 28ರ ಆಸುಪಾಸು ನಮ್ಮ ಜನಕ್ಕೆ ಹಿತವೇ. ಆ ಮಟ್ಟಕ್ಕೆ ಹತ್ತಿರ ಬರಲು ಯಂತ್ರ ಬೇಡ. ಎದುರುಬದುರು ಕಿಟಕಿ, ಸೂರಿನ ಹತ್ತಿರ ಬಿಸಿಗಾಳಿ ಹೋಗಲು ಕಿಂಡಿ, ಪಡುವಲ ಗೋಡೆಗೆ ಅಗಲವಾದ ಸಜ್ಜಾ, ಹೊರಗೆ ಎರಡು ಹೊಂಗೆ ಗಿಡ ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಪಕ್ಕದ ತೆಲಂಗಾಣ 2023ರಲ್ಲೇ ತಂಪು ಛಾವಣಿಗೆಂದು ನೀತಿ ಮಾಡಿತು.

ಹೊಸ ನಕ್ಷೆಗೆ ಕಾಲ ಹಿಡಿಯಬಹುದು. ಸುಣ್ಣಕ್ಕೆ ಕಾಲ ಬೇಕಿಲ್ಲ. ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಹೊಡೆಯುವ ವಾಡಿಕೆ ನಮ್ಮ ಪ್ರತಿ ಹಟ್ಟಿಯಲ್ಲೂ ಇದೆ. ಮಳೆಗೆ ತೊಳೆದುಹೋಗುತ್ತದೆ ಅನ್ನುತ್ತೀರಿ, ಹೌದು, ವರ್ಷಕ್ಕೊಮ್ಮೆ ಹೊಡೆಯಬೇಕು. ಮುಂದಿನ ನಿರ್ವಹಣಾ ಅಂದಾಜುಪಟ್ಟಿಯಲ್ಲಿ ಒಂದು ಸಾಲು ಸೇರಿಸಿ: ಶಾಲೆಯ ತಾರಸಿಗೆ ಬಿಳಿ ಸುಣ್ಣ, ಫೆಬ್ರವರಿ ಮುಗಿಯುವುದರೊಳಗೆ. ಹಣ ಸಾಲದಿದ್ದರೆ ಊರಿಗೆ ಹೇಳಿಕಳಿಸಿ, ಏಣಿ, ಪೊರಕೆ ಹಿಡಿದು ನಾವೇ ಬರುತ್ತೇವೆ.

ಇಂತಿ,
ಹೆಮ್ಮಿಗೆಯ ಒಬ್ಬ ನಿವಾಸಿ